ಜನ್ನನ ಮನೆತನ, ಹಿಟ್ಟಿನ ಕೋಳಿ, ರಾಮನಗರದ ಗೂಡು

ಪೊನ್ನ, ರನ್ನರ ಸಾಲಿನಲ್ಲಿ ಮೂರನೆಯವನಾಗಿ ಕವಿಚಕ್ರವರ್ತಿ ಎನ್ನಿಸಿಕೊಂಡ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದು ಮುಗಿಸಿದ. ನಾಲ್ಕು ಅವತಾರ, ಮುನ್ನೂರಕ್ಕೆ ತುಸು ಮೇಲ್ಪಟ್ಟ ಪದ್ಯ, ಬಹುಪಾಲು ಕಂದ. ಪಂಪಭಾರತದ ಪಕ್ಕದಲ್ಲಿಟ್ಟರೆ ತೀರ ಸಣ್ಣ ಪುಸ್ತಕ. ಒಬ್ಬ ಅರಸ ಹಿಟ್ಟಿನಲ್ಲಿ ಮಾಡಿದ ಕೋಳಿಯೊಂದನ್ನು ದೇವಿಗೆ ಕಡಿದ. ಆ ತಪ್ಪಿಗೆ ಅವನೂ ಅವನ ತಾಯಿಯೂ ಜನ್ಮದ ಮೇಲೆ ಜನ್ಮ ಪ್ರಾಣಿಗಳಾಗಿ ಹುಟ್ಟಿ, ಪ್ರಾಣಿಗಳಾಗಿಯೇ ಕೊಲೆಯಾದರು. ಇಷ್ಟು ಕಥೆ. ಪ್ರಾಣಿವಧೆಯ ಪ್ರಶ್ನೆಯೊಂದನ್ನೇ ಹಿಡಿದು ಮೊದಲಿಂದ ಕೊನೆಯವರೆಗೆ ಬಿಡದೆ ಕೇಳಿದ ಇಂಥ ಕಾವ್ಯ ಹಳಗನ್ನಡದಲ್ಲಿ ಅಪರೂಪ.

ಪ್ರಾಣಿಗಳ ಪರವಾಗಿ ಬರೆದವರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಲಂಡನ್ನಿನಿಂದ ಶುರು ಮಾಡುತ್ತಾರೆ. 1824ರಲ್ಲಿ ಬಂದ ಲೂಯಿಸ್ ಗೊಂಪರ್ಟ್ಸ್‌ನ ಪುಸ್ತಕ, 1892ರಲ್ಲಿ ಬಂದ ಹೆನ್ರಿ ಸಾಲ್ಟ್‌ನ ‘ಅನಿಮಲ್ಸ್ ರೈಟ್ಸ್’ ಎಲ್ಲರ ಬಾಯಲ್ಲಿರುವ ಹೆಸರುಗಳು. ಜನ್ನ ಇವರಿಬ್ಬರಿಗಿಂತ ಆರುನೂರು ವರ್ಷ ಹಿರಿಯ. ಹಕ್ಕು ಎಂಬ ನ್ಯಾಯಾಲಯದ ಮಾತು ಅವನಲ್ಲಿಲ್ಲ, ಅವನದು ಕರ್ಮದ ಲೆಕ್ಕ. ಆದರೂ ಕೊಲ್ಲುವವನು ಒಮ್ಮೆ ಆ ಪ್ರಾಣಿಯ ಮೈಯೊಳಗೆ ಹೊಕ್ಕು ನೋಡಲಿ ಎಂಬ ಬೇಡಿಕೆಯನ್ನು ಅವನಷ್ಟು ಕಟುವಾಗಿ ಮುಂದಿಟ್ಟ ಕವಿಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ. ಆ ಬೇಡಿಕೆ ಎಲ್ಲಿಂದ ಬಂತು, ಎಲ್ಲಿಗೆ ತಲುಪಿತು ಎಂಬುದನ್ನು ಒಮ್ಮೆ ಕೂಲಂಕಷವಾಗಿ ನೋಡಬೇಕಾಗಿದೆ. ನೋಡುವುದಕ್ಕೆ ಜನ್ನನ ಮನೆ ಒಂದು ಕೊನೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಇನ್ನೊಂದು ಕೊನೆ. ಒಂದು ಕಾಲಕ್ಕೆ ಜೈನಧರ್ಮಕ್ಕೆ ಆಸರೆಯಾಗಿದ್ದ ಗಂಗರು ಆಳಿದ ಈ ನಾಡಿನಲ್ಲಿ ಇವತ್ತು ಹುಳು, ಹದ್ದು, ಆನೆ, ಎತ್ತು ಎಲ್ಲವೂ ಮನುಷ್ಯನ ಅನ್ನದ ಜೊತೆ ಹೆಣೆದುಕೊಂಡಿವೆ.

ಮೊದಲು ಮನೆತನ. ಹಳಗನ್ನಡದ ಕವಿಗಳಲ್ಲಿ ಎಷ್ಟೋ ಜನರ ತಂದೆ ತಾಯಿಯ ಹೆಸರು ಕೂಡ ನಮಗೆ ಉಳಿದಿಲ್ಲ. ಜನ್ನನ ವಿಷಯ ಹಾಗಲ್ಲ. ತಂದೆ ಶಂಕರ, ಸುಮನೋಬಾಣ ಎಂಬ ಬಿರುದಿನಿಂದ ಹೆಸರಾದವನು. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ಕಟಕೋಪಾಧ್ಯಾಯನಾಗಿದ್ದ. ತಾಯಿ ಗಂಗಾದೇವಿ. ಮಗ ಇಮ್ಮಡಿ ವೀರಬಲ್ಲಾಳನ ಆಸ್ಥಾನಕವಿಯಾಗಿ ಅವನಿಂದಲೇ ಕವಿಚಕ್ರವರ್ತಿ ಪದವಿ ಪಡೆದ. ಮುಂದೆ ಇಮ್ಮಡಿ ನರಸಿಂಹನ ಕಾಲದಲ್ಲಿ ದಂಡಾಧೀಶನೂ ಮಂತ್ರಿಯೂ ಆದ. 1230ರಲ್ಲಿ ಹದಿನಾಲ್ಕನೆಯ ತೀರ್ಥಂಕರನ ಚರಿತ್ರೆಯಾದ ‘ಅನಂತನಾಥ ಪುರಾಣ’ ಬರೆದ.

ಕವಿತ್ವ ಅಲ್ಲಿಗೆ ನಿಲ್ಲಲಿಲ್ಲ, ಹೆಣ್ಣುಮಗಳ ಕಡೆಯಿಂದ ಹರಿಯಿತು. ಜನ್ನನ ತಂಗಿಯ ಗಂಡ ಮಲ್ಲಿಕಾರ್ಜುನ, ಹಿಂದಿನ ಕವಿಗಳ ವರ್ಣನೆಯ ಪದ್ಯಗಳನ್ನು ಆರಿಸಿ ‘ಸೂಕ್ತಿಸುಧಾರ್ಣವ’ ಎಂಬ ಸಂಕಲನ ಮಾಡಿದವನು. ಅವರ ಮಗ ಕೇಶಿರಾಜ, ‘ಶಬ್ದಮಣಿದರ್ಪಣ’ದ ಕರ್ತೃ. ಸುಮನೋಬಾಣನ ಮೊಮ್ಮಗ, ಜನ್ನನ ಸೋದರಳಿಯ ಎಂದು ಕೇಶಿರಾಜ ತನ್ನ ವ್ಯಾಕರಣದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅಜ್ಜ ಉಪಾಧ್ಯಾಯ, ಸೋದರಮಾವ ಕವಿಚಕ್ರವರ್ತಿ, ಅಪ್ಪ ಸಂಕಲನಕಾರ, ಮಗ ವೈಯಾಕರಣ. ಕನ್ನಡಕ್ಕೆ ವ್ಯಾಕರಣ ಕೊಟ್ಟ ಮನೆಯೂ ಪ್ರಾಣಿಗಳ ಪರವಾದ ಕಾವ್ಯ ಕೊಟ್ಟ ಮನೆಯೂ ಒಂದೇ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಎರಡು ಬೇರೆ ಪಾಠಗಳಲ್ಲಿ ಹೇಳಿ ಮುಗಿಸುತ್ತವೆ. ಒಟ್ಟಿಗೆ ಹೇಳಿದ್ದರೆ ಮಕ್ಕಳಿಗೆ ಎರಡೂ ಮರೆಯುತ್ತಿರಲಿಲ್ಲ.

ಈ ಮನೆ ಅಧಿಕಾರದ ಹೊರಗೆ ನಿಂತು ಕೂಗಿದ ಮನೆಯಲ್ಲ ಎಂಬುದು ಮುಖ್ಯ. ಸೈನ್ಯ, ಭಂಡಾರ, ಶಾಸನ ಎಲ್ಲವನ್ನೂ ಹತ್ತಿರದಿಂದ ಕಂಡವರು ಇವರು. ತರೀಕೆರೆ ಸೀಮೆಯ ಅಮೃತಾಪುರದ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದವನು ಜನ್ನನೇ. ಜಿನಭಕ್ತನಾದ ಕವಿ ಶಿವಾಲಯಕ್ಕೆ ಶಾಸನ ಬರೆಯುವುದರಲ್ಲಿ ಆ ಕಾಲದವರಿಗೆ ಅಸಹಜವಾದದ್ದೇನೂ ಕಾಣಲಿಲ್ಲ. ಹಾಗಾಗಿ ಅವನ ಕಾವ್ಯವನ್ನು ಒಂದು ಮತ ಇನ್ನೊಂದು ಮತದ ಮೇಲೆ ಮಾಡಿದ ದಾಳಿ ಎಂದಷ್ಟೇ ಓದಿದರೆ ಅರ್ಧ ಕಳೆದುಕೊಂಡಂತೆ. ಬಲಿಗೆ ಅಪ್ಪಣೆ ಕೊಡುವವನು ಅರಸ, ಕಾವ್ಯದೊಳಗೆ ಕಥೆ ಕೇಳುವವನೂ ಅರಸ. ಆಸ್ಥಾನದಲ್ಲಿ ಕುಳಿತವನೊಬ್ಬ ತನ್ನ ಎದುರಿನ ಸಿಂಹಾಸನಕ್ಕೇ ಹೇಳಿದ ಮಾತು ಅದು.

ಕಥೆಗೂ ಒಂದು ವಂಶವಿದೆ, ಅದರ ಬಹುಪಾಲು ಕನ್ನಡ ನೆಲದ ಅರಸರ ಆಶ್ರಯದಲ್ಲೇ ಬೆಳೆದದ್ದು. 959ರಲ್ಲಿ ಸೋಮದೇವಸೂರಿ ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪೂ’ ಮುಗಿಸಿದ್ದು ರಾಷ್ಟ್ರಕೂಟರ ಸಾಮಂತರಾಗಿದ್ದ ಚಾಲುಕ್ಯರ ನೆರಳಿನಲ್ಲಿ. ಅದೇ ಶತಮಾನದಲ್ಲಿ ಪುಷ್ಪದಂತ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಅಪಭ್ರಂಶ ಭಾಷೆಯಲ್ಲಿ ಇದೇ ಕಥೆ ಬರೆದ. ಹನ್ನೊಂದನೆಯ ಶತಮಾನದಲ್ಲಿ ವಾದಿರಾಜ ಸಂಸ್ಕೃತದಲ್ಲಿ ಚಿಕ್ಕದಾಗಿ ಹೇಳಿದ. ಜನ್ನ ಮುಖ್ಯವಾಗಿ ಹಿಡಿದದ್ದು ವಾದಿರಾಜನ ಜಾಡು. ಜಾಡು ಹಳೆಯದು, ನಡಿಗೆ ಅವನದೇ.

ರಾಜಪುರದ ಮಾರಿದತ್ತ ಚಂಡಮಾರಿಗೆ ಚೈತ್ರದ ಜಾತ್ರೆ ಮಾಡುತ್ತಾನೆ. ಪ್ರಾಣಿಗಳ ಜೊತೆಗೆ ನರಬಲಿಯೂ ಆಗಬೇಕೆಂದು ತಳಾರ ಇಬ್ಬರು ಎಳೆಯ ಜೈನ ವ್ರತಿಗಳನ್ನು ಹಿಡಿದು ತರುತ್ತಾನೆ: ಅಭಯರುಚಿ ಮತ್ತು ಅಭಯಮತಿ, ಅವಳಿ ಅಣ್ಣ ತಂಗಿ. ಸಾವಿನ ಎದುರು ನಿಂತೂ ಬೆದರದ ಆ ಮಕ್ಕಳನ್ನು ಕಂಡು ಅರಸನಿಗೆ ಕುತೂಹಲ. ನೀವು ಯಾರು ಎಂದು ಕೇಳುತ್ತಾನೆ. ಆಗ ಅಭಯರುಚಿ ತನ್ನ ಹಿಂದಿನ ಜನ್ಮಗಳನ್ನು ಬಿಚ್ಚುತ್ತಾನೆ. ಅವನೇ ಒಂದು ಕಾಲಕ್ಕೆ ಉಜ್ಜಯಿನಿಯ ಅರಸ ಯಶೋಧರ. ತಂಗಿ ಆಗ ಅವನ ತಾಯಿ ಚಂದ್ರಮತಿ. ಮಡದಿ ಅಮೃತಮತಿ ಇರುಳಿನಲ್ಲಿ ಅಷ್ಟಾವಂಕನೆಂಬ ವಿಕಾರ ರೂಪಿನ ಮಾವುತನ ಬಳಿಗೆ ಹೋಗುವುದನ್ನು ಯಶೋಧರ ಕಣ್ಣಾರೆ ಕಂಡ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆ ಎಂದ. ಕನಸಿನ ದೋಷ ಕಳೆಯಲು ದೇವಿಗೆ ಬಲಿ ಕೊಡು ಎಂದಳು ತಾಯಿ. ಕೊಲ್ಲಲಾರೆ ಎಂದ ಮಗ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕಡಿ ಎಂದು ರಾಜಿಯಾಯಿತು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು.

ಆ ಕೂಗಿನ ಮೇಲೆ ಇಡೀ ಕಾವ್ಯ ನಿಂತಿದೆ. ಯಾರ ಜೀವವೂ ಹೋಗಲಿಲ್ಲ, ತೊಟ್ಟು ನೆತ್ತರೂ ಸುರಿಯಲಿಲ್ಲ. ಆದರೂ ಜೈನರು ಸಂಕಲ್ಪಹಿಂಸೆ ಎನ್ನುವುದು ನಡೆದುಹೋಯಿತು. ಕೊಲ್ಲುವ ಕೈ ಕೊಲ್ಲುವ ಅಭ್ಯಾಸ ಮಾಡಿತು.

ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕು. ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಅರಸ ನವಿಲಾಗಿ ಹುಟ್ಟುತ್ತಾನೆ, ತಾಯಿ ನಾಯಿಯಾಗಿ. ಇಬ್ಬರೂ ಕಾಣಿಕೆಯಾಗಿ ಬಂದು ಸೇರುವುದು ತಮ್ಮದೇ ಅರಮನೆಗೆ. ಅಲ್ಲೀಗ ಅರಸು ಯಶೋಧರನ ಮಗ ಯಶೋಮತಿ. ನವಿಲನ್ನು ನಾಯಿ ಹಿಡಿದು ಕೊಲ್ಲುತ್ತದೆ, ಅಂದರೆ ಮಗನನ್ನು ತಾಯಿ. ನಾಯಿಯನ್ನು ಯಶೋಮತಿ ಹೊಡೆದು ಕೊಲ್ಲುತ್ತಾನೆ, ಅಂದರೆ ಅಜ್ಜಿಯನ್ನು ಮೊಮ್ಮಗ. ಆಮೇಲೆ ಹಾವು, ಮೀನು, ಮೊಸಳೆ, ಆಡು, ಕೋಣ ಎಂದು ಜನ್ಮಗಳು ಸಾಗುತ್ತವೆ. ಯಶೋಧರನ ಕಥೆಯ ಪರಂಪರೆಯಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು ಮೀನಿನ ಪ್ರಸಂಗ: ಮೀನಾಗಿ ಹುಟ್ಟಿದ ಯಶೋಧರನನ್ನು ಹಿಡಿದು, ಬೇಯಿಸಿ, ಯಶೋಧರನದೇ ಶ್ರಾದ್ಧಕ್ಕೆ ಬಡಿಸುತ್ತಾರೆ. ತಂದೆಗೆ ಸದ್ಗತಿಯಾಗಲೆಂದು ಮಗ ಉಣಿಸುವ ಊಟದಲ್ಲಿ ತಂದೆಯೇ ಬೆಂದಿದ್ದಾನೆ. ಕಡೆಗೆ ಇಬ್ಬರೂ ಕೋಳಿಗಳಾದಾಗ ಮುನಿಯ ಮಾತು ಕೇಳಿ ಅರಿವು ಪಡೆದು ಕೂಗುತ್ತಾರೆ. ಆ ಕೂಗಿನ ದನಿ ಹಿಡಿದು ಯಶೋಮತಿ ರಾಣಿಯ ಎದುರು ಬಾಣದ ಚಳಕ ತೋರಿಸುತ್ತಾನೆ. ಸತ್ತ ಕೋಳಿಗಳು ಅದೇ ರಾಣಿಯ ಬಸಿರಿನಲ್ಲಿ ಅವಳಿಗಳಾಗಿ ಬರುತ್ತವೆ.

ಜನ್ನನ ವಾದದ ತಿರುಳು ಇಲ್ಲಿದೆ. ಪ್ರಾಣಿಯ ಮೇಲೆ ಕರುಣೆಯಿರಲಿ ಎಂದು ಅವನು ಬೇಡುವುದಿಲ್ಲ, ಪ್ರಾಣಿ ನಿನ್ನ ಬಂಧು ಎನ್ನುತ್ತಾನೆ. ಮನೆಯ ವಂಶಾವಳಿ ಮನುಷ್ಯರಲ್ಲೇ ಮುಗಿಯುವುದಿಲ್ಲ. ಹಟ್ಟಿಯ ಆಡು, ಮಡುವಿನ ಮೀನು, ಅಂಗಳದ ನಾಯಿ ಎಲ್ಲ ಅದರೊಳಗೆ ಬರುತ್ತವೆ. ಇಷ್ಟು ಸ್ಪಷ್ಟವಾದ ಕುಟುಂಬವಿದ್ದ ಕವಿಯೊಬ್ಬ ಕುಟುಂಬದ ಎಲ್ಲೆಯನ್ನು ಇಷ್ಟು ದೂರಕ್ಕೆ ಸರಿಸಿದ.

ವಿಮರ್ಶಕರ ಕಣ್ಣು ಮಾತ್ರ ನೂರು ವರ್ಷಗಳಿಂದ ಅಮೃತಮತಿಯ ಮೇಲೇ ನೆಟ್ಟಿದೆ. ಅರಮನೆಯ ಸುಖ ಬಿಟ್ಟು ಕುರೂಪಿ ಮಾವುತನ ಹಾಡಿಗೆ ಸೋತ ರಾಣಿಯ ಮನಸ್ಸನ್ನು ಬಗೆಬಗೆಯಾಗಿ ಬಿಡಿಸಿ ನೋಡಿದ್ದಾರೆ. ಆ ಭಾಗ ಅಷ್ಟು ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಾಣಿಜನ್ಮಗಳ ಭಾಗವನ್ನು ಕರ್ಮಸಿದ್ಧಾಂತದ ಒಣ ಪಟ್ಟಿ ಎಂದು ಬದಿಗೆ ಸರಿಸಿದ್ದು ತಪ್ಪಾಯಿತು. ಕವಿಯ ಮುಖ್ಯ ಆಸ್ತಿಯನ್ನೇ ವಾರಸುದಾರರು ಬೇಡವೆಂದಂತಾಯಿತು. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ಕಥೆಯನ್ನು ಹಿಡಿದರು. ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ‘ಬಲಿ’ ಎಂದು ಬರೆದರು. ಕೈ ಮಾಡದ ಹಿಂಸೆಯನ್ನು ಮನಸ್ಸು ಮಾಡಿದರೆ ಅದು ಹಿಂಸೆಯೇ ಎಂಬ ಪ್ರಶ್ನೆಯನ್ನು ಅವರು ದಾಂಪತ್ಯದೊಳಕ್ಕೆ ತಂದರು. ದೊಡ್ಡ ನಾಟಕ. ಆದರೆ ಅಲ್ಲಿಯೂ ನವಿಲು, ಮೀನು, ಆಡುಗಳಿಗೆ ರಂಗದ ಮೇಲೆ ಜಾಗ ಸಿಗಲಿಲ್ಲ.

ಇಂಗ್ಲೆಂಡಿನ ಲೇಖಕರ ಮನೆಗಳನ್ನೂ ಒಮ್ಮೆ ಇಣುಕಿ ನೋಡಬಹುದು. ಗೊಂಪರ್ಟ್ಸ್ ಲಂಡನ್ನಿನ ಯಹೂದಿ ವಜ್ರದ ವ್ಯಾಪಾರಿಗಳ ಮನೆಯವನು. ಅಣ್ಣ ಬೆಂಜಮಿನ್ ಗೊಂಪರ್ಟ್ಸ್ ಗಣಿತಜ್ಞ. ವಯಸ್ಸಾದಂತೆ ಸಾವಿನ ಸಂಭವ ಹೇಗೆ ಏರುತ್ತದೆ ಎಂಬ ಅವನ 1825ರ ಸೂತ್ರವನ್ನು ವಿಮೆಯವರು ಇಂದಿಗೂ ಬಲ್ಲರು. ಯಹೂದಿಯಾದ್ದರಿಂದ ಅವನಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಮ್ಮ ಲೂಯಿಸ್ ಮಾಂಸ, ಹಾಲು, ಮೊಟ್ಟೆ ಬಿಟ್ಟ. ಕುದುರೆ ಗಾಡಿ ಹತ್ತುವುದನ್ನೂ ಬಿಟ್ಟ. 1824ರಲ್ಲಿ ಆರಂಭವಾದ ಪ್ರಾಣಿದಯಾ ಸಂಘದ ಸ್ಥಾಪಕರಲ್ಲಿ ಅವನೂ ಒಬ್ಬ. ಸಂಘ ಕ್ರೈಸ್ತ ತತ್ವದ ಮೇಲೆ ನಡೆಯತಕ್ಕದ್ದು ಎಂದು ಉಳಿದವರು ಹಟ ಹಿಡಿದಾಗ ಹೊರಬಂದು ಬೇರೆ ಸಂಘ ಕಟ್ಟಿದ. ಹೊರಗಿಟ್ಟವರ ನೋವು ಗೊತ್ತಿದ್ದ ಮನೆಯಿಂದ ಬಂದ ಧ್ವನಿ ಅದು. ಸಾಲ್ಟ್ ಹುಟ್ಟಿದ್ದು 1851ರಲ್ಲಿ ನಮ್ಮ ನೈನಿತಾಲ್‌ನಲ್ಲಿ. ತಂದೆ ಬಂಗಾಳ ಸೈನ್ಯದ ಫಿರಂಗಿ ದಳದ ಅಧಿಕಾರಿ. ಈಟನ್ ಶಾಲೆಯ ಮೇಷ್ಟರ ಕೆಲಸ ಬಿಟ್ಟು ಹಳ್ಳಿಯ ಸಣ್ಣ ಮನೆಯಲ್ಲಿ ಬದುಕಿದ. ಓದಲು ಲಂಡನ್ನಿಗೆ ಹೋದ ಗಾಂಧೀಜಿಯ ಕೈಗೆ ಸಿಕ್ಕ ಅವನ ಸಸ್ಯಾಹಾರದ ಪುಸ್ತಕ, ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಬಿಟ್ಟಿದ್ದ ಹುಡುಗನನ್ನು ಮನಸಾರೆ ಸಸ್ಯಾಹಾರಿಯನ್ನಾಗಿ ಮಾಡಿತು. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಗಾಂಧೀಜಿ ಮಾತಾಡಿದಾಗ ಮುದುಕ ಸಾಲ್ಟ್ ಪಕ್ಕದಲ್ಲಿದ್ದ. ಗೊಂಪರ್ಟ್ಸ್ ಮತ್ತು ಸಾಲ್ಟ್ ತಮ್ಮ ಜೀವನವನ್ನೇ ಬದಲಿಸಿಕೊಂಡವರು. ಜನ್ನ ಹುದ್ದೆಯಲ್ಲೇ ಉಳಿದ. ಆದರೆ ಆ ಇಬ್ಬರ ಪುಸ್ತಕಗಳಿಂದ ಸಂಘ, ಮಸೂದೆ, ಕಾಯ್ದೆ ಹುಟ್ಟಿದಂತೆ ಜನ್ನನ ಕಾವ್ಯದಿಂದ ಹುಟ್ಟಲಿಲ್ಲ. ಅದನ್ನು ಕಾವ್ಯವೆಂದೇ ಕಪಾಟಿನಲ್ಲಿಟ್ಟೆವು.

ಕಾಯ್ದೆ ಬೇರೆ ದಾರಿಯಿಂದ ಬಂತು. 1959ರಲ್ಲಿ ಆಗಿನ ಮೈಸೂರು ರಾಜ್ಯ ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿತು. 1975ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ 1960ರಲ್ಲಿ ಕೇಂದ್ರದ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ 28ನೇ ಸೆಕ್ಷನ್ ಧರ್ಮ ಬೇಡುವ ವಧೆಯನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿದೆ. ಹಳೆ ಮೈಸೂರಿನ ಮಾರಿಹಬ್ಬಗಳಲ್ಲಿ ಎಷ್ಟೋ ಕಡೆ ಈಗ ಬೂದುಗುಂಬಳ ಒಡೆಯುತ್ತಾರೆ, ಕುಂಕುಮ ಕಲಸಿ ಕೆಂಪು ಮಾಡುತ್ತಾರೆ. ಜನ್ನ ಇದ್ದಿದ್ದರೆ ಇದನ್ನು ಒಪ್ಪುತ್ತಿರಲಿಲ್ಲ, ಹಿಟ್ಟಿನ ಕೋಳಿಯಂತೆಯೇ ಕುಂಬಳಕಾಯಿಯೂ ಅವನ ಲೆಕ್ಕಕ್ಕೆ ಬರುತ್ತಿತ್ತು. ಈ ಒಂದು ಕಡೆ ಜನ್ನನಿಗಿಂತ ಹಳ್ಳಿಯವರೇ ಸರಿ. ಕೊಲ್ಲುವವನ ಆತ್ಮ ಏನಾಯಿತು ಎಂಬುದು ಕವಿಯ ಚಿಂತೆ, ಆಡು ಉಳಿಯಿತೇ ಎಂಬುದು ಆಡಿನ ಚಿಂತೆ. ಕುಂಬಳಕಾಯಿ ಒಡೆದ ದಿನ ಆಡು ಉಳಿಯುತ್ತದೆ.

ಆದರೆ ಜನ್ನನ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ: ಹಿಂಸೆ ಎಂದು ಕಾಣದ ಹಿಂಸೆಗೆ ಏನು ಹೇಳುವುದು? ರಾಮನಗರದಲ್ಲಿ ಇದನ್ನು ಕೇಳಲೇಬೇಕು. 2007ರಲ್ಲಿ ಜಿಲ್ಲಾ ಕೇಂದ್ರವಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಜಿಲ್ಲೆಯ ಹೆಸರು ಬದಲಾದ ಈ ಊರಿಗೆ ರೇಷ್ಮೆನಗರಿ ಎಂಬ ಹೆಸರು ಬದಲಾಗಿಲ್ಲ. ಇಲ್ಲಿನ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ.

ಕನಕಪುರದ ಕಡೆಯ ಯಾವುದೇ ಹುಳುಮನೆಗೆ ಹೋದರೂ ಮೊದಲು ಚಪ್ಪಲಿ ಬಿಡಿಸುತ್ತಾರೆ. ಮೆಣಸಿನಕಾಯಿ ಘಾಟು ಸೋಕಬಾರದು, ಊದುಬತ್ತಿ ಹೊಗೆ ಬರಬಾರದು, ಔಷಧಿ ಹೊಡೆದ ಸೊಪ್ಪು ಒಂದೆಲೆಯೂ ಬೀಳಬಾರದು. ಚಾಕಿ ಹುಳುವಿಗೆ, ಅಂದರೆ ಮರಿಹುಳುವಿಗೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ತಿನ್ನುವುದು ಬಿಟ್ಟು ತಲೆಯೆತ್ತಿ ಸುಮ್ಮನಿದ್ದು ಪೊರೆ ಕಳಚುತ್ತದೆ. ಕೊನೆಯ ಜ್ವರ ಎದ್ದ ಮೇಲೆ ರಾತ್ರಿ ಹಗಲೆನ್ನದೆ ಸೊಪ್ಪು. ಸಾವಿರಾರು ಬಾಯಿ ಒಟ್ಟಿಗೆ ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳಿಸುತ್ತದೆ. ಹೆಚ್ಚು ಕಡಿಮೆ ನಾಲ್ಕು ವಾರಕ್ಕೆ ಹುಳು ಹಣ್ಣಾಗುತ್ತದೆ. ಮೈ ತಿಳಿಯಾದವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಈ ಒಂದು ತಿಂಗಳು ಮನೆಯ ಹೆಂಗಸರು ಮದುವೆ ಮನೆಗೂ ಹೋಗುವುದು ಕಷ್ಟ. ಮಕ್ಕಳಂತೆ ಸಾಕುತ್ತೇವೆ ಎಂದು ರೈತರು ಹೇಳುವ ಮಾತು ಉತ್ಪ್ರೇಕ್ಷೆಯಲ್ಲ.

ಗೂಡು ಮಾರುಕಟ್ಟೆಗೆ ಬಂದ ಮೇಲೆ ಸಮಯದ ಓಟ. ಗೂಡಿನೊಳಗೆ ಹುಳು ಪ್ಯೂಪಾ ಆಗಿರುತ್ತದೆ. ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಕಡಿಯದ ಎಳೆ ಬಿಚ್ಚಲಾಗದು. ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆಯೇ ರೇಷ್ಮೆಯ ಬೆಲೆ. ಹಾಗಾಗಿ ಹರಾಜಿನಲ್ಲಿ ಗೂಡು ಕೊಂಡ ರೀಲರ್, ಅಂದರೆ ನೂಲು ಬಿಚ್ಚುವವನು, ಅದನ್ನು ಆವಿಗೋ ಬಿಸಿಗಾಳಿಗೋ ಒಡ್ಡಿ ಒಳಗಿನ ಜೀವವನ್ನು ಕೊಲ್ಲುತ್ತಾನೆ. ಆಮೇಲೆ ಬಿಸಿನೀರಿನ ಬೇಸಿನ್‌ನಲ್ಲಿ ಗೂಡು ಕುಣಿಯುತ್ತದೆ, ಎಳೆಯ ತುದಿ ಸಿಗುತ್ತದೆ, ರಾಟೆ ತಿರುಗುತ್ತದೆ. ಎಳೆ ಮುಗಿದಾಗ ಕಂದು ಬಣ್ಣದ ಪ್ಯೂಪಾ ತಳಕ್ಕೆ ಬೀಳುತ್ತದೆ. ಅದರಿಂದ ಎಣ್ಣೆ ತೆಗೆಯುತ್ತಾರೆ, ಮೀನು ಕೋಳಿಗಳ ಮೇವಿಗೂ ಹೋಗುತ್ತದೆ. ಒಂದು ಸೀರೆಗೆ ಸಾವಿರಗಳ ಲೆಕ್ಕದಲ್ಲಿ ಗೂಡು ಬೇಕು. ಜನ್ನನ ಕಥೆಯಲ್ಲಿ ಒಂದು ಹಿಟ್ಟಿನ ಕೋಳಿ ಕೂಗಿತು, ಇಲ್ಲಿ ಕೂಗುವ ಗಂಟಲು ಯಾವುದಕ್ಕೂ ಇಲ್ಲ.

ಹಾಗೆಂದು ರೀಲರ್‌ನತ್ತ ಬೆರಳು ತೋರಿಸುವುದು ಅನ್ಯಾಯ. ರಾಮನಗರದ ನೂಲು ಬಿಚ್ಚುವ ಮನೆಗಳಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು, ಕೈ ಸುಡುವ ನೀರಿನಲ್ಲಿ ದಿನವಿಡೀ ಬೆರಳಾಡಿಸುವ ಹೆಂಗಸರು ಬಡವರು. ಸೊಪ್ಪು ಬೆಳೆಯುವವರು ಒಕ್ಕಲು ಮಕ್ಕಳು. ಆ ಸೀರೆ ಉಟ್ಟು ಮಡಿಯಲ್ಲಿ ಪೂಜೆಗೆ ಕೂರುವ ಮನೆ ಬೇರೆ ಎಲ್ಲೋ ಇರುತ್ತದೆ. ಮಾಂಸದ ವಾಸನೆಯನ್ನೂ ಸಹಿಸದ ಮನೆಗಳಲ್ಲಿ ರೇಷ್ಮೆ ಮಡಿಯಾಯಿತು. ಕಂಚಿಯ ಚಂದ್ರಶೇಖರೇಂದ್ರ ಸರಸ್ವತಿಗಳು ಇದೇ ಕಾರಣಕ್ಕೆ ರೇಷ್ಮೆ ಬಿಡಿ ಎಂದು ಭಕ್ತರಿಗೆ ಹೇಳುತ್ತಿದ್ದರು. ಕೇಳಿದವರು ಕೆಲವರು. 1960ರ ಕಾಯ್ದೆಯ ಅರ್ಥವ್ಯಾಖ್ಯೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಆ ಸಾಲಿನ ಪ್ರಕಾರ ರೇಷ್ಮೆಹುಳುವೂ ಪ್ರಾಣಿಯೇ.

ಕೊಲ್ಲದ ರೇಷ್ಮೆ ಸಾಧ್ಯವೇ? ಹೈದರಾಬಾದಿನ ಕೈಮಗ್ಗ ಅಧಿಕಾರಿಯಾಗಿದ್ದ ಕುಸುಮ ರಾಜಯ್ಯ 1990ರ ದಶಕದಿಂದ ಚಿಟ್ಟೆ ಹೊರಬಂದ ಮೇಲೆ ಗೂಡಿನಿಂದ ನೂಲು ತೆಗೆಸಿ ಅಹಿಂಸಾ ರೇಷ್ಮೆ ಎಂದು ನೇಯಿಸಿದರು. ಎಳೆ ತುಂಡಾಗಿರುವುದರಿಂದ ಹತ್ತಿಯಂತೆ ನೂಲಬೇಕು. ಹೊಳಪು ಕಡಿಮೆ, ಬೆಲೆ ಹೆಚ್ಚು. ಈ ಕೆಲಸ ಚನ್ನಪಟ್ಟಣಕ್ಕೆ ಹೊಸದಲ್ಲ. ರೇಷ್ಮೆಯ ತ್ಯಾಜ್ಯದಿಂದ ನೂಲು ತೆಗೆಯುವ ಸ್ಪನ್ ಸಿಲ್ಕ್ ಗಿರಣಿ ಆ ಊರಲ್ಲಿತ್ತು, ಅಂಥ ಗಿರಣಿಗೆ ತೂತಾದ ಗೂಡೂ ಕಚ್ಚಾ ಮಾಲೇ. ಮಾಗಡಿ, ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಪ್ರದೇಶ; ಅಲ್ಲಿನ ಗೂಡು ನೂಲಿಗಲ್ಲ, ಮೊಟ್ಟೆಗೆ. ಅಲ್ಲಿ ಚಿಟ್ಟೆ ಹೊರಬರಲೇಬೇಕು. ಬಂದು ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಗಂಟುರೋಗ ಇದೆಯೇ ಎಂದು ನೋಡುತ್ತಾರೆ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಕಂಡುಹಿಡಿದ ಈ ಕ್ರಮ ಇಲ್ಲದಿದ್ದರೆ ಮುಂದಿನ ಪೀಳಿಗೆಯ ಹುಳುಗಳೆಲ್ಲ ನರಳಿ ಸಾಯುತ್ತವೆ. ಒಂದು ಚಿಟ್ಟೆ ನಾನೂರರ ಸುಮಾರು ಮೊಟ್ಟೆಯಿಡುತ್ತದೆ. ಎಲ್ಲ ಚಿಟ್ಟೆಗಳನ್ನೂ ಬಿಟ್ಟರೆ ಹುಟ್ಟುವ ಹುಳುಗಳಿಗೆ ಸೊಪ್ಪು ಎಲ್ಲಿಂದ? ಹಾರಲೂ ಬಾರದ ಸಾಕುಚಿಟ್ಟೆ ಅದು. ಹೀಗಾಗಿ ಅಹಿಂಸಾ ರೇಷ್ಮೆಯನ್ನು ಪೂರ್ಣ ಉತ್ತರ ಎನ್ನಲಾಗದು. ಆದರೂ ತೂತಾದ ಗೂಡಿಗೆ ಒಳ್ಳೆ ಬೆಲೆ ಸಿಕ್ಕಿ, ಅದನ್ನು ನೂಲುವ ಕೆಲಸ ಚನ್ನಪಟ್ಟಣದ ಕೈಗಳಿಗೆ ಸಿಕ್ಕರೆ ಸಾಯುವ ಜೀವಗಳ ಲೆಕ್ಕ ಇಳಿಯುತ್ತದೆ. ಅಷ್ಟನ್ನಾದರೂ ರೇಷ್ಮೆ ಇಲಾಖೆ ಗಂಭೀರವಾಗಿ ಯೋಚಿಸಬೇಕು.

ಕನ್ನಡದ ಪ್ರಾಣಿಪರ ಬರವಣಿಗೆಗೆ ಇನ್ನೊಂದು ಬೇರೂ ಇದೆ, ಅದೂ ಒಂದು ದೊಡ್ಡ ಮನೆತನದ್ದೇ. ಜನ್ನನಿಗಿಂತ ಸುಮಾರು ನೂರು ವರ್ಷ ಮೊದಲು ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲನ ಮಗ, ಆರನೆಯ ವಿಕ್ರಮಾದಿತ್ಯನ ಸೋದರ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅರಸುಮಗನೊಬ್ಬ ದನದ ರೋಗ, ಔಷಧಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ. ಕೊಲ್ಲಬೇಡ ಎನ್ನುವುದು ಜನ್ನನ ದಾರಿಯಾದರೆ ಆರೈಕೆ ಮಾಡು ಎನ್ನುವುದು ಕೀರ್ತಿವರ್ಮನದು. ಚನ್ನಪಟ್ಟಣದ ಹಾದಿಯಲ್ಲಿ ಕೆಂಗಲ್ ಅಯ್ಯನಗುಡಿಯ ದನಗಳ ಜಾತ್ರೆಗೆ ಹಳ್ಳಿಕಾರ್ ಹೋರಿಗಳನ್ನು ಮೈ ತೊಳೆದು, ಕೊಂಬು ಸವರಿ, ಶಾಮಿಯಾನದ ಕೆಳಗೆ ಕಟ್ಟುವ ಒಕ್ಕಲಿಗನಲ್ಲಿ ಈ ಎರಡನೆಯ ಪರಂಪರೆ ಇನ್ನೂ ಜೀವಂತವಾಗಿದೆ.

ಆದರೆ ಒಂದು ಪ್ರಾಣಿಯ ಆರೈಕೆ ಇನ್ನೊಂದರ ಸಾವಾಗಬಹುದು ಎಂಬುದನ್ನೂ ಇದೇ ನೆಲ ತೋರಿಸಿಕೊಟ್ಟಿತು. ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ದೇಶದಲ್ಲೇ ಮೊದಲನೆಯದು. ‘ಶೋಲೆ’ ಚಿತ್ರದ ಬಂಡೆಗಳೆಂದು ಜನ ನೋಡಲು ಬರುವ ಜಾಗ ಇದೇ. ಅಷ್ಟು ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋಗಿಬಿಟ್ಟಿದ್ದವು. ಕಾರಣ ಬೇಟೆಯಲ್ಲ, ಡೈಕ್ಲೋಫೆನ್ಯಾಕ್. ನೋವಿನಿಂದ ನರಳುವ ದನಕ್ಕೆ ಕೊಡುವ ಚುಚ್ಚುಮದ್ದು. ಮದ್ದು ಪಡೆದ ದನ ಸತ್ತರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. 2006ರಲ್ಲಿ ದನಕರುಗಳಿಗೆ ಈ ಔಷಧವನ್ನು ನಿಷೇಧಿಸಿದರು. ಅದರ ಜಾಗಕ್ಕೆ ಬಂದ ಕೀಟೋಪ್ರೊಫೆನ್, ಅಸಿಕ್ಲೋಫೆನ್ಯಾಕ್‌ಗಳೂ ಹದ್ದಿಗೆ ವಿಷವೆಂದು ಗೊತ್ತಾಗಿ 2023ರಲ್ಲಿ ಅವುಗಳ ಮೇಲೂ ನಿಷೇಧ ಬಂತು. ಮೆಲಾಕ್ಸಿಕಾಂ ಎಂಬ ಬದಲಿ ಮದ್ದಿನಿಂದ ದನದ ನೋವೂ ಇಳಿಯುತ್ತದೆ, ಹದ್ದೂ ಬದುಕುತ್ತದೆ. ನವಿಲು, ನಾಯಿ, ಅರಸರನ್ನು ಒಂದೇ ಸರಪಳಿಯಲ್ಲಿ ಪೋಣಿಸಿದ ಜನ್ನನಿಗೆ ದನ, ಮದ್ದು, ಹದ್ದುಗಳ ಈ ಸರಪಳಿ ಆಶ್ಚರ್ಯವೆನಿಸುತ್ತಿರಲಿಲ್ಲ.

ಆನೆಗಳ ಕಥೆ ಇನ್ನೂ ಬಗೆಹರಿದಿಲ್ಲ. ಕಾವೇರಿ ವನ್ಯಧಾಮದಿಂದ ಕನಕಪುರದ ಕಾಡು ದಾಟಿ ತೆಂಗಿನಕಲ್ಲು ಅರಣ್ಯದ ಮೂಲಕ ಚನ್ನಪಟ್ಟಣದ ತೋಟಗಳಿಗೆ ಬರುವ ಹಿಂಡುಗಳು ಬಾಳೆ, ಮಾವು, ರಾಗಿ ತುಳಿಯುತ್ತವೆ. ಜನರೂ ಸತ್ತಿದ್ದಾರೆ, ಬೇಲಿಗೆ ಹರಿಸಿದ ಕರೆಂಟಿಗೆ ಆನೆಗಳೂ ಸತ್ತಿವೆ. ಬೆಳಗಿನ ಜಾವ ಹೊಲಕ್ಕೆ ನೀರು ಬಿಡಲು ಹೋಗುವ ರೈತನಿಗೆ ಆನೆ ನಿನ್ನ ಬಂಧು ಎಂದು ನಗರದಲ್ಲಿ ಕುಳಿತವರು ಉಪದೇಶ ಮಾಡುವಂತಿಲ್ಲ. ಬೆಳೆ ನಷ್ಟದ ಹಣ ತಡವಾಗದೆ ಕೈ ಸೇರಬೇಕು, ಆನೆ ಬಂದ ಸುದ್ದಿ ಸಂಜೆಯೇ ಊರಿಗೆ ಮುಟ್ಟಬೇಕು. ಅದಾದರೆ ಬೇಲಿಗೆ ಕರೆಂಟು ಕೊಡುವ ಕೈ ಹಿಂಜರಿಯುತ್ತದೆ.

ಜನ್ನನ ಪರಂಪರೆ ಎಂದರೆ ಬಲಿಪೀಠದ ಕತ್ತಿಯನ್ನು ನಿಲ್ಲಿಸಿದ್ದಷ್ಟೇ ಎಂದು ತಿಳಿದರೆ ಅದು ಅರ್ಧ ಪಾಲು. ಬೇಸಿನ್, ಚುಚ್ಚುಮದ್ದು, ತಂತಿಬೇಲಿಗಳ ಕಾಲದಲ್ಲಿ, ಹಿಂಸೆ ಎಂದು ಕಾಣದ ಹಿಂಸೆಯನ್ನೂ ಗುರುತಿಸುವ ಉಳಿದರ್ಧವೇ ಹೆಚ್ಚು ಬೇಕಾಗಿದೆ. ಕನ್ನಡ ಎಂ.ಎ. ತರಗತಿಗಳಲ್ಲಿ ‘ಯಶೋಧರ ಚರಿತೆ’ ಪಾಠ ಮಾಡುವ ಮೇಷ್ಟರು ಅಮೃತಮತಿಯ ಪ್ರಸಂಗ ಮುಗಿದೊಡನೆ ಪುಸ್ತಕ ಮುಚ್ಚದೆ ನವಿಲಿನ ಜನ್ಮದಿಂದ ಮುಂದಕ್ಕೂ ಓದಿಸಲಿ. ರಾಮನಗರದ ಕಾಲೇಜುಗಳಲ್ಲಿ ಮೊದಲು ಓದಿಸಲಿ, ಅಲ್ಲಿನ ಮಕ್ಕಳಿಗೆ ಅದರ ಅರ್ಥ ಬೇಗ ಆಗುತ್ತದೆ. ರಾಮದೇವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ದನ ಸಾಕುವವರು ವೈದ್ಯರು ಸಿರಿಂಜು ಎತ್ತುವ ಮೊದಲು ಇದು ಮೆಲಾಕ್ಸಿಕಾಂ ತಾನೇ ಎಂದು ಕೇಳಲಿ. ಮದುವೆಗೆ ಸೀರೆ ಕೊಳ್ಳಲು ಹೋದವರು ಅಂಗಡಿಯವರಲ್ಲಿ ತೂತುಗೂಡಿನ ನೂಲಿನದು ಇದೆಯೇ ಎಂದು ಒಮ್ಮೆ ವಿಚಾರಿಸಲಿ.